ಪಟಿಕದ ಹರಳು ಬೆಳೆಸುವುದು ಹೇಗೆ?

ಶಾಲೆಗಳ ವಿಜ್ಞಾನ ಪ್ರದರ್ಶನಕ್ಕೆ ಹೋದಾಗಲೆಲ್ಲ ಇದನ್ನು ನೋಡುತ್ತೇನೆ. ಲೋಟದಲ್ಲಿ ಬಿಳಿ ಪುಡಿ ಮೆತ್ತಿದ ದಾರ, ಪಕ್ಕದಲ್ಲಿ ಸಪ್ಪೆ ಮುಖದ ಮಗು. ಪಟಿಕ ಕರಗಿಸಿದ ಬಿಸಿ ನೀರನ್ನು ಬೇಗ ತಣಿಸಿದರೆ ಹರಳು ಬೇಗ ಬರುತ್ತದೆ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಆ ಪುಡಿಯೂ ಹರಳೇ, ಆದರೆ ಸಾವಿರಾರು ಚಿಕ್ಕಚಿಕ್ಕವು. ನಮಗೆ ಬೇಕಾದದ್ದು ಒಂದೇ ಒಂದು ದೊಡ್ಡದು.

ಹೊಳಪು ನೋಡಿ ಹರಳು ಅನ್ನಬೇಡಿ. ‘ಕ್ರಿಸ್ಟಲ್’ ಹೆಸರಲ್ಲಿ ಮಾರುವ ಲೋಟ ಬರೀ ಗಾಜು, ಅದರೊಳಗೆ ಕಣಗಳು ಅಡ್ಡಾದಿಡ್ಡಿ ಇರುತ್ತವೆ. ಹರಳಿನಲ್ಲಿ ಅವು ಒಂದೇ ಕ್ರಮದಲ್ಲಿ ಸಾಲಾಗಿ ಕೂತಿರಬೇಕು. ಉಪ್ಪು, ಸಕ್ಕರೆ, ಕಬ್ಬಿಣದ ಬಾಣಲೆ ಎಲ್ಲವೂ ಹಾಗೆಯೇ ಆದವು.

1. ಗ್ರಂಧಿಗೆ ಅಂಗಡಿಯಿಂದ 100 ಗ್ರಾಂ ಪಟಿಕ ತನ್ನಿ. ಗಡ್ಡೆಯೇ ಇರಲಿ. ಸುಟ್ಟ ಪಟಿಕ ಬೇಡ, ಅದರೊಳಗಿನ ನೀರು ಹೋಗಿರುತ್ತದೆ. ಉಪ್ಪು ಸಾಲದಾ ಅಂತ ಕೇಳುತ್ತಾರೆ. ಉಪ್ಪು ಬಿಸಿ ನೀರಿನಲ್ಲೂ ತಣ್ಣೀರಿನಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕರಗುತ್ತದೆ. ಪಟಿಕ ಹಾಗಲ್ಲ, 20 ಡಿಗ್ರಿ ನೀರಿಗಿಂತ 50 ಡಿಗ್ರಿ ನೀರಿನಲ್ಲಿ ಎರಡು ಪಟ್ಟಿಗೂ ಜಾಸ್ತಿ ಕರಗುತ್ತದೆ. ಆರುವಾಗ ಆ ಹೆಚ್ಚುವರಿ ಪಾಲು ಹರಳಾಗುತ್ತದೆ.

2. ಗಾಜಿನ ಪಾತ್ರೆಯಲ್ಲಿ 250 ಮಿ.ಲೀ. ಬಿಸಿ ನೀರು, 60 ಗ್ರಾಂ ಪಟಿಕ. ಕಲಕಿ, ಬಟ್ಟೆಯಲ್ಲಿ ಸೋಸಿ.

3. ಈ ಪಟಿಕದ ನೀರನ್ನು ಎರಡು ಚಮಚ ತಟ್ಟೆಗೆ ಹಾಕಿಡಿ. ತಳದಲ್ಲಿ ಬಂದ ಹರಳುಗಳಲ್ಲಿ ತೊಗರಿಬೇಳೆಯಷ್ಟು ದಪ್ಪದ, ಚೆನ್ನಾಗಿ ತಿಳಿಯಾದ ಒಂದನ್ನು ಆರಿಸಿ. ಇದೇ ಬೀಜ.

4. ಎಲ್ಲರೂ ಎಡವುವುದು ಇಲ್ಲೇ. ಬೀಜವನ್ನು ಗಾಳದ ನೈಲಾನ್ ದಾರಕ್ಕೆ ಕಟ್ಟಿ. ಹತ್ತಿ ದಾರದ ಒಂದೊಂದು ಎಳೆಗೂ ಬೇರೆ ಹರಳು ಹತ್ತಿಕೊಳ್ಳುತ್ತದೆ. ಬಿಸಿ ನೀರಿಗೆ ಇಳಿಬಿಟ್ಟರೆ ಬೀಜ ಕರಗಿ ಹೋಗುತ್ತದೆ, ಬರೀ ದಾರ ಉಳಿಯುತ್ತದೆ. ಆದ್ದರಿಂದ ಪಾತ್ರೆಯನ್ನು ಎರಡು ದಿನ ಸುಮ್ನೆ ಬಿಡಿ. ತಳದಲ್ಲಿ ಹರಳು ಕೂತ ಮೇಲೆ, ದಿನದ ಸೆಕೆ ಜಾಸ್ತಿ ಇರುವ ಮಧ್ಯಾಹ್ನ, ಮೇಲಿನ ತಿಳಿಯನ್ನಷ್ಟೇ ಬೇರೆ ಬಾಟಲಿಗೆ ಬಗ್ಗಿಸಿ. ಬೆಳಗಿನ ತಂಪಿನಲ್ಲಿ ಬಗ್ಗಿಸಿದ ತಿಳಿ ಮಧ್ಯಾಹ್ನ ಬೆಚ್ಚಗಾದಾಗ ಮತ್ತಷ್ಟು ಪಟಿಕ ಎಳೆದುಕೊಳ್ಳುತ್ತದೆ, ನಿಮ್ಮ ಬೀಜವನ್ನೇ ತಿನ್ನುತ್ತದೆ. ಬೀಜ ಇಳಿಬಿಟ್ಟು ಬೆಳಕಿಗೆ ಹಿಡಿದು ನೋಡಿ. ಅದರಿಂದ ಕೆಳಕ್ಕೆ ಸಣ್ಣ ಎಳೆಗಳಂತೆ ನೀರು ಇಳಿಯುತ್ತಿದ್ದರೆ ಕರಗುತ್ತಿದೆ. ತಕ್ಷಣ ಹೊರತೆಗೆಯಿರಿ, ತಿಳಿಯನ್ನು ಬಿಸಿ ಮಾಡಿ ಇನ್ನಷ್ಟು ಪಟಿಕ ಕರಗಿಸಿ, ತಣಿಸಿ.

5. ಕಾಗದ ಮುಚ್ಚಿ, ಅಲುಗಾಡದ ಕಪಾಟಿನಲ್ಲಿ ಎರಡು ಮೂರು ವಾರ ಇಡಿ. ತಳದಲ್ಲಿ ಬೇರೆ ಹರಳು ಹುಟ್ಟಿದರೆ ತಿಳಿಯನ್ನು ಸೋಸಿಕೊಳ್ಳಿ.

ಫ್ರಿಜ್ಜಿನಲ್ಲಿ ಇಡಬೇಡಿ. ಅವಸರದಲ್ಲಿ ಬೆಳೆದ ಹರಳಿನೊಳಗೆ ನೀರು ಸಿಕ್ಕಿಬಿದ್ದು ಮಬ್ಬಾಗುತ್ತದೆ. ಅಡುಗೆಯ ಬಣ್ಣವೂ ದಂಡ, ಬಹುಪಾಲು ನೀರಿನಲ್ಲೇ ಉಳಿಯುತ್ತದೆ. ಒಂದೇ ದಿನದಲ್ಲಿ ‘ಹರಳಿನ ಮರ’ ಬೆಳೆಸುವ ಕಿಟ್ಟಿಗೆ ನಾನಂತೂ ಹಣ ಹಾಕುವುದಿಲ್ಲ. ಬರುವುದು ಸೂಜಿಗಳ ಪೊದೆ.

ಬಾಟಲಿ ದುಂಡಗಿರಲಿ, ಚೌಕವಿರಲಿ, ಪಟಿಕ ಎಂಟು ಮುಖಗಳ ಆಕಾರಕ್ಕೇ ಬರುತ್ತದೆ. ಯಾರೂ ಉಜ್ಜಿ ಕೆತ್ತಬೇಕಿಲ್ಲ.

ಹೊರತೆಗೆದ ಮೇಲೆ ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಅಂಚು ಕರಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಬಣ್ಣವಿಲ್ಲದ ನೈಲ್ ಪಾಲಿಶ್ ತೆಳ್ಳಗೆ ಹಚ್ಚಿಡಿ.