ಸುಂಜಾಟಾ ಎದ್ದು ನಿಲ್ಲುವ ಪುಟ

ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾಟಾನ ಕಥೆಯನ್ನು ಕನ್ನಡದಲ್ಲಿ ಕಾಮಿಕ್ಸ್ ಪುಸ್ತಕ ಮಾಡಿದೆ. ಆ ಕಥೆಯನ್ನು ಪಶ್ಚಿಮ ಆಫ್ರಿಕಾದ ಜೆಲಿಗಳು, ಅಂದರೆ ಕಥೆ ಹಾಡುವ ಮನೆತನದವರು, ಇವತ್ತಿಗೂ ಹಾಡಿ ಹೇಳುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾಠ. ನಡೆಯಲಾರದ ಹುಡುಗ ಕಬ್ಬಿಣದ ಸರಳು ಹಿಡಿದೆದ್ದು ಅದನ್ನೇ ಬಿಲ್ಲಿನಂತೆ ಬಗ್ಗಿಸಿದ ಅನ್ನುವುದು ಒಂದು. ತಾಯಿ ಸೊಗೊಲೊನ್ ಕಡಿದು ತಂದ ಕೋಲೂರಿ ಎದ್ದ ಅನ್ನುವುದು ಇನ್ನೊಂದು. ಎರಡನ್ನೂ ಬೆರೆಸಿದರೆ ಹುಡುಗ ಎರಡೆರಡು ಸಲ ಎದ್ದಂತಾಗಿ ಬಿಗಿ ಸಡಿಲುತ್ತದೆ. ನಾನು ಹಿಡಿದದ್ದು ಸರಳಿನ ಪಾಠ.

ಪುಸ್ತಕ 96 ಪುಟ, ಅಂದರೆ 16 ಪುಟದ 6 ಅಚ್ಚಿನ ಫಾರಂ. ಏಳುವ ಪ್ರಸಂಗಕ್ಕೇ 8 ಪುಟ, 23ರಿಂದ 30. ಮೊದಲ 5 ಪುಟಗಳ ಚೌಕಟ್ಟನ್ನೆಲ್ಲ ತೆವಳುವ ಹುಡುಗನ ಕಣ್ಣಿನ ಎತ್ತರಕ್ಕೆ ಇಳಿಸಿದೆ: ಮೊಣಕಾಲು, ಬಟ್ಟೆಯ ಅಂಚು, ಮಡಕೆಯ ತಳ. ಬಾವೊಬಾಬ್ ಮರದ ಎಲೆ ಕೇಳಲು ಹೋದ ತಾಯಿಯನ್ನು ಸವತಿ ಸಾಸುಮಾ ಹಂಗಿಸುವಾಗಲೂ ಮುಖ ಕಾಣದು, ಮಾತು ಮಾತ್ರ ಮೇಲಿಂದ ಬೀಳುತ್ತದೆ. 28ರಲ್ಲಿ ಅವನು ನಿಂತಾಗಲೇ ಮುಖಗಳು. ಅದು ಎಡಪುಟ, ಹಾಳೆ ತಿರುವಿದರಷ್ಟೇ ಕಾಣುತ್ತದೆ. ಬಲಕ್ಕೆ ಬಿದ್ದರೆ ಕಣ್ಣು ಮೊದಲೇ ಅಲ್ಲಿಗೆ ಓಡುತ್ತದೆ. ಹಾಗಾಗಿ ಅದರ ಹಿಂದೆ ಎಲ್ಲಿ ಪುಟ ಸೇರಿಸಿದರೂ ಎರಡೆರಡೇ ಸೇರಿಸಬೇಕು.

ಎಡವಟ್ಟಾಗುವುದು ಆ ಬಾವೊಬಾಬ್ ಮರದಲ್ಲಿ. ಫೋಟೋ ಹುಡುಕಿದರೆ ಮಡಗಾಸ್ಕರಿನ ಕಂಬದಂಥ ಜಾತಿಯೇ ಕೈಗೆ ಸಿಗುತ್ತದೆ. ಮಾಲಿಯದು ಗಿಡ್ಡ, ದಪ್ಪ, ಕೊಂಬೆ ಚಾಚಿದ ಅಡನ್ಸೋನಿಯಾ ಡಿಜಿಟೇಟಾ. ಸವಣೂರಿನ ದೊಡ್ಡಹುಣಸೆಯೂ ಇದೇ ಜಾತಿ. ತೊಗಟೆಯ ಸುಕ್ಕನ್ನು ಅಲ್ಲೇ ಕೂತು ಬರೆದುಕೊಳ್ಳಬಹುದು. ಬೋಳು ಮರ ಬರೆದರೆ ಕಥೆಯೇ ನಿಲ್ಲದು, ಜಗಳ ಎದ್ದದ್ದೇ ಎಲೆಗೆ. ಮಳೆಗಾಲದ ಹಸಿರು ಬೇಕು. ಮಾಲಿಯ ಜೆನ್ನೆ ಊರಿನ ಮಣ್ಣಿನ ಮಸೀದಿಯನ್ನು ಹಿನ್ನೆಲೆಗೆ ತರುವ ಆಸೆಯನ್ನೂ ಬಿಡಬೇಕು: ಈಗಿನ ಕಟ್ಟಡ 1907ರದು, ಕಥೆ 13ನೇ ಶತಮಾನದ್ದು.

ಅಕ್ಷರವನ್ನು ಪೆನ್ಸಿಲ್ ಹಂತದಲ್ಲೇ ಕೂರಿಸಿಕೊಂಡೆ. 9 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 13 ಪಾಯಿಂಟ್. ಕಮ್ಮಿಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತದೆ. ಕನ್ನಡದ ಪದ ಉದ್ದ, ಮಾತಿನ ಗುಳ್ಳೆಯೊಂದಕ್ಕೆ 12 ಪದ ದಾಟಿಸಲಿಲ್ಲ. ಜೆಲಿಯ ಮಾತಿಗೆ ಗೆರೆಯಿಲ್ಲದ ಪಟ್ಟಿ. ಕೇಳುವವನು ನಡುನಡುವೆ 'ನಾಮು' ಅನ್ನುತ್ತಾನೆ, ನಮ್ಮಲ್ಲಿ ಹೂಂಗುಟ್ಟಿದ ಹಾಗೆ. ಅದನ್ನು ಇಡೀ ಪುಸ್ತಕದಲ್ಲಿ 4 ಕಡೆ ಮಾತ್ರ ಇಟ್ಟೆ.

1235ರ ಸುಮಾರಿನ ಕಿರಿನಾ ಕಾಳಗಕ್ಕೆ 6 ಪುಟ ಸಾಕಾಯಿತು. ಸುಂಜಾಟಾನ ವೈರಿ, ಸೊಸ್ಸೊ ದೊರೆ ಸುಮಾವೊರೊನ ಮಾಯೆ ಮುರಿಯುವುದು ಬಿಳಿ ಹುಂಜದ ಕಾಲುಮುಳ್ಳು ಕಟ್ಟಿದ ಬಾಣ. ಬಿಲ್ಲೆಳೆಯುವ ಚಿತ್ರದಲ್ಲಿ ಆ ಮುಳ್ಳು ಅಚ್ಚಿಗೆ ಬರುವಾಗ 2 ಮಿಲಿಮೀಟರಿಗೆ ಇಳಿದು ಕಾಣೆಯಾಗುತ್ತದೆ, ಹಾಗಾಗಿ ಮುಳ್ಳಿಗೇ ಬೇರೆ ಚೌಕಟ್ಟು ಕೊಟ್ಟೆ.