ಡೊಮೇನ್ ಹೆಸರುಗಳ ನಿಯಮ ರೂಪಿಸುವಲ್ಲಿ ಸಾಮಾನ್ಯ ಬಳಕೆದಾರನ ಪಾಲು: ನನ್ನ ಅನುಭವ

ಡೊಮೇನ್ ಹೆಸರುಗಳ, ಅಂದರೆ ಜಾಲತಾಣಗಳಿಗೆ ವಿಳಾಸವಾಗಿರುವ ಹೆಸರುಗಳ, ನಿಯಮಗಳ ಕಡೆಗೆ ನನ್ನನ್ನು ಎಳೆದು ತಂದದ್ದು ಯಾವ ಆದರ್ಶವೂ ಅಲ್ಲ, ನನ್ನದೇ ಅಜಾಗರೂಕತೆ. ನಾನು ನಡೆಸುತ್ತಿದ್ದ ಸಣ್ಣ ಜಾಲತಾಣವೊಂದರ ಹೆಸರಿನ ಅವಧಿ ಮುಗಿದಿತ್ತು. ನವೀಕರಿಸುವಂತೆ ಬಂದ ಸೂಚನೆಗಳೆಲ್ಲ ನಾನು ಬಳಸುವುದನ್ನೇ ಬಿಟ್ಟಿದ್ದ ಹಳೆಯ ಇಮೇಲ್ ವಿಳಾಸಕ್ಕೆ ಹೋಗಿ ಬಿದ್ದಿದ್ದವು. ತಾಣ ತೆರೆಯದಿದ್ದಾಗಲೇ ನನಗೆ ವಿಷಯ ತಿಳಿದದ್ದು. ಅಷ್ಟು ಹೊತ್ತಿಗೆ ಹೆಸರು ರದ್ದಾಗಿ, ಹೆಚ್ಚುವರಿ ಶುಲ್ಕ ಕೊಟ್ಟರೆ ಮಾತ್ರ ಮರಳಿ ಸಿಗುವ 30 ದಿನಗಳ ಹಂತಕ್ಕೆ ಸರಿದಿತ್ತು. ಶುಲ್ಕ ಕಟ್ಟಿ ಬಿಡಿಸಿಕೊಂಡೆ.

ಈ 30 ದಿನಗಳ ಅವಕಾಶವನ್ನು ಯಾರು, ಏಕೆ ಕೊಟ್ಟರು ಎಂದು ಹುಡುಕಿದಾಗ ಐಕ್ಯಾನ್ ಸಂಸ್ಥೆಯ ನಿಯಮವೊಂದು ಸಿಕ್ಕಿತು. 1998ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು .ಕಾಮ್, .ಆರ್ಗ್ ಮುಂತಾದ ಸಾಮಾನ್ಯ ವರ್ಗದ ಡೊಮೇನ್‌ಗಳಿಗೆ ನಿಯಮ ರೂಪಿಸುವ ಪ್ರಕ್ರಿಯೆಯನ್ನು ನಡೆಸುತ್ತದೆ, ಮತ್ತು ಹೆಸರು ಮಾರುವ ರಿಜಿಸ್ಟ್ರಾರ್‌ಗಳು ಆ ನಿಯಮಗಳಿಗೆ ಒಪ್ಪಂದದ ಮೂಲಕ ಬದ್ಧರಾಗಿರುತ್ತಾರೆ. 2013ರ ಆಗಸ್ಟ್ 31ರಿಂದ ಜಾರಿಯಲ್ಲಿರುವ ಆ ನಿಯಮದ ಪ್ರಕಾರ, ಅವಧಿ ಮುಗಿಯುವುದಕ್ಕೆ ಸುಮಾರು ಒಂದು ತಿಂಗಳು ಮುಂಚೆ ಒಮ್ಮೆ, ಸುಮಾರು ಒಂದು ವಾರ ಮುಂಚೆ ಇನ್ನೊಮ್ಮೆ, ಆಗಲೂ ನವೀಕರಿಸದಿದ್ದರೆ ಅವಧಿ ಮುಗಿದ ಐದು ದಿನಗಳೊಳಗೆ ಮತ್ತೊಮ್ಮೆ ಸೂಚನೆ ಕಳಿಸಬೇಕು. ಮರಳಿ ಪಡೆಯುವ ಶುಲ್ಕವನ್ನೂ ಬಹಿರಂಗವಾಗಿ ತಿಳಿಸಿರಬೇಕು. ಇದು ರಿಜಿಸ್ಟ್ರಾರ್‌ಗಳ ಔದಾರ್ಯದಿಂದ ಬಂದದ್ದೇನೂ ಅಲ್ಲ. ಅವಧಿ ಮೀರಿದ ಹೆಸರುಗಳ ಬಗ್ಗೆ ಪರಿಶೀಲನಾ ವರದಿ ಸಿದ್ಧಪಡಿಸಬೇಕೆಂದು 2008ರಲ್ಲಿ ಬೇಡಿಕೆ ಸಲ್ಲಿಸಿದ್ದು ಐಕ್ಯಾನ್ ಒಳಗೇ ಇರುವ, ಸಾಮಾನ್ಯ ಬಳಕೆದಾರರ ಹಿತ ನೋಡುವ ಅಟ್-ಲಾರ್ಜ್ ಸಲಹಾ ಸಮಿತಿ. ಯಾವ ಸೂಚನೆಗಳನ್ನು ನಾನು ಓದದೇ ಹೋಗಿದ್ದೆನೋ ಅವು ನನ್ನಂಥವರ ಒತ್ತಾಯದಿಂದಲೇ ಕಡ್ಡಾಯವಾದವು ಎಂಬುದು ತಿಳಿದು ನಾಚಿಕೆಯೂ ಆಯಿತು, ಕುತೂಹಲವೂ ಹುಟ್ಟಿತು.

ಆ ಸಮಿತಿಯ ಹಿನ್ನೆಲೆ ಸ್ವಲ್ಪ ವಿಚಿತ್ರವಾದದ್ದು. 2000ದಲ್ಲಿ ಐಕ್ಯಾನ್ ತನ್ನ ಐವರು ನಿರ್ದೇಶಕರನ್ನು, ಪ್ರಪಂಚದ ಐದು ವಲಯಗಳಿಂದ ಒಬ್ಬೊಬ್ಬರಂತೆ, ಜಾಲದ ಮೂಲಕ ನಡೆದ ನೇರ ಮತದಾನದಿಂದ ಆರಿಸಿತ್ತು. ಮತ ಹಾಕಿದವರು ಸುಮಾರು 34,000 ಮಂದಿ. ಎರಡು ವರ್ಷಗಳಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟು, ಅದರ ಬದಲಿಗೆ ಈಗಿನ 15 ಸದಸ್ಯರ ಸಮಿತಿಯ ವ್ಯವಸ್ಥೆಯನ್ನು ತಂದರು. ವಲಯವೊಂದಕ್ಕೆ ಇಬ್ಬರನ್ನು ಅಲ್ಲಿನ ಬಳಕೆದಾರರ ಒಕ್ಕೂಟಗಳು ಆರಿಸುತ್ತವೆ, ಉಳಿದ ಐವರನ್ನು ಐಕ್ಯಾನ್‌ನ ನಾಮನಿರ್ದೇಶನ ಸಮಿತಿ ನೇಮಿಸುತ್ತದೆ. ನೇರ ಮತದಾನ ಹೋದದ್ದು ನಷ್ಟವೆಂದೇ ನಾನು ಬಹುಕಾಲ ಭಾವಿಸಿದ್ದೆ. ಒಳಗಿನ ಕೆಲಸ ನೋಡಿದ ಮೇಲೆ ಆ ಅಭಿಪ್ರಾಯ ಅಷ್ಟು ಗಟ್ಟಿಯಾಗಿ ಉಳಿದಿಲ್ಲ.

ಹೆಸರು ಮರಳಿ ಸಿಕ್ಕ ಕೂಡಲೇ ನಾನು ಮಾಡಿದ ಮೊದಲ ಕೆಲಸ ಹಳೆಯ ಇಮೇಲ್ ವಿಳಾಸವನ್ನು ತೆಗೆದು ಹೊಸದನ್ನು ದಾಖಲಿಸಿದ್ದು. ಕೆಲವು ದಿನಗಳ ನಂತರ ಬೇರೆ ರಿಜಿಸ್ಟ್ರಾರ್‌ಗೆ ಹೋಗೋಣವೆಂದು ಹೊರಟರೆ, ಇನ್ನು 60 ದಿನ ವರ್ಗಾವಣೆ ಸಾಧ್ಯವಿಲ್ಲವೆಂಬ ಉತ್ತರ ಬಂತು. 2016ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ನಿಯಮವೊಂದರ ಪ್ರಕಾರ, ನೋಂದಣಿದಾರನ ಹೆಸರು, ಸಂಸ್ಥೆ ಅಥವಾ ಇಮೇಲ್ ವಿಳಾಸ ಬದಲಾದರೆ ಅದನ್ನು ನೋಂದಣಿದಾರನೇ ಬದಲಾದಂತೆ ಪರಿಗಣಿಸಲಾಗುತ್ತದೆ; ಮೊದಲೇ ಬೇಡವೆಂದು ಹೇಳುವ ಆಯ್ಕೆಯನ್ನು ರಿಜಿಸ್ಟ್ರಾರ್ ಕೊಡದಿದ್ದರೆ, ಅಥವಾ ಕೊಟ್ಟರೂ ನಾವು ಅದನ್ನು ಬಳಸಿಕೊಂಡಿರದಿದ್ದರೆ, 60 ದಿನಗಳ ತಡೆ ಬೀಳುತ್ತದೆ. ಹೆಸರು ಕದ್ದವರು ಅದನ್ನು ಕೂಡಲೇ ಬೇರೆಡೆಗೆ ಸಾಗಿಸದಂತೆ ತಡೆಯುವುದು ಇದರ ಉದ್ದೇಶ. ಉದ್ದೇಶ ಸರಿಯೇ. ಆದರೆ ಸೂಚನೆಗಳು ತಲುಪಲೆಂದು ವಿಳಾಸ ಸರಿಪಡಿಸಿಕೊಂಡವನೂ ಕಳ್ಳನೂ ಈ ನಿಯಮದ ಕಣ್ಣಿಗೆ ಒಂದೇ.

ಇದೇ ಹೊತ್ತಿಗೆ, 2021ರಲ್ಲಿ ಆರಂಭವಾಗಿದ್ದ ಕಾರ್ಯತಂಡವೊಂದು ವರ್ಗಾವಣೆ ನಿಯಮಗಳನ್ನೆಲ್ಲ ಮರುಪರಿಶೀಲಿಸುತ್ತಿದೆ ಎಂದು ತಿಳಿಯಿತು. 2022ರಲ್ಲಿ ಅದರ ಪ್ರಾಥಮಿಕ ವರದಿಯ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳಿದರು. ಅಭಿಪ್ರಾಯ ಸಲ್ಲಿಸಲು ಯಾವ ಸದಸ್ಯತ್ವವೂ ಬೇಕಿಲ್ಲ, ಮತ್ತು ಸಾಮಾನ್ಯವಾಗಿ ಕನಿಷ್ಠ 40 ದಿನಗಳ ಕಾಲಾವಕಾಶ ಇರುತ್ತದೆ. ನಾನು 60 ದಿನಗಳ ತಡೆಯ ಮೇಲೆ ಎರಡು ಪುಟಗಳಷ್ಟು ಖಾರವಾಗಿ ಬರೆದೆ. ಅದು ಪೂರ್ತಿ ವ್ಯರ್ಥವಾಯಿತು, ಏಕೆಂದರೆ ಆ ವರದಿಯು ವರ್ಗಾವಣೆಗೆ ಬೇಕಾಗುವ ಸಂಕೇತ ಮತ್ತು ಒಪ್ಪಿಗೆ ಪತ್ರಗಳಂಥ ಮೊದಲ ಹಂತದ ವಿಷಯಗಳಿಗೆ ಸೀಮಿತವಾಗಿತ್ತು. ನೋಂದಣಿದಾರನ ಬದಲಾವಣೆಯನ್ನು ಮುಂದಿನ ಹಂತಕ್ಕೆ ಬಿಟ್ಟಿದ್ದರು. ಕಾರ್ಯತಂಡದ ಸನ್ನದಿನಲ್ಲಿ ಇದು ಸ್ಪಷ್ಟವಾಗಿಯೇ ಇತ್ತು. ನಾನು ಸನ್ನದನ್ನು ಓದಿರಲಿಲ್ಲ.

ಆಮೇಲೆ ನಾನು ಎಲ್ಲಕ್ಕಿಂತ ಮೊದಲು ಸನ್ನದನ್ನು ಓದುವ ರೂಢಿ ಮಾಡಿಕೊಂಡೆ. ಕಾರ್ಯತಂಡವು ಯಾವ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು, ಯಾವುದನ್ನು ಮುಟ್ಟಬಾರದು ಎಂಬುದೆಲ್ಲ ಅದರಲ್ಲಿ ನಿಗದಿಯಾಗಿರುತ್ತದೆ. ವರದಿ ಬಂದಾಗ ಜನ ಎಷ್ಟೇ ಗದ್ದಲ ಮಾಡಿದರೂ, ಸನ್ನದಿನಲ್ಲಿ ಇಲ್ಲದ ಪ್ರಶ್ನೆಗೆ ಉತ್ತರ ಹುಟ್ಟುವುದು ಬಹಳ ಕಷ್ಟ.

ಎರಡನೆಯದಾಗಿ, ನನ್ನ ವಲಯದ ಬಳಕೆದಾರರ ಒಕ್ಕೂಟಕ್ಕೆ ವ್ಯಕ್ತಿಗತ ಸದಸ್ಯನಾಗಿ ಸೇರಿದೆ. ವರ್ಗಾವಣೆಯ ಕಾರ್ಯತಂಡದಲ್ಲಿ ವಿವಿಧ ಗುಂಪುಗಳು ನೇಮಿಸಿದ ಪ್ರತಿನಿಧಿಗಳಿಗೆ ಮಾತ್ರ ಮಾತನಾಡುವ ಹಕ್ಕಿತ್ತು. ಆದರೆ ಬಳಕೆದಾರರ ಪರವಾಗಿ ಅಲ್ಲಿ ಕುಳಿತವರು ಏನು ಹೇಳಬೇಕೆಂಬುದರ ಚರ್ಚೆ ಅಟ್-ಲಾರ್ಜ್‌ನ ವಾರದ ನೀತಿ ಸಭೆಯಲ್ಲಿ ನಡೆಯುತ್ತದೆ, ಮತ್ತು ಆ ಸಭೆ ಯಾರಿಗೂ ಮುಕ್ತ. ಮೊದಲ ಕೆಲವು ವಾರ ನನಗೆ ಅರ್ಧದಷ್ಟೂ ಅರ್ಥವಾಗಲಿಲ್ಲ. ಅಲ್ಲಿನವರು ಸಂಕ್ಷೇಪಾಕ್ಷರಗಳಲ್ಲೇ ಮಾತನಾಡುತ್ತಾರೆ. ಸಾರ್ವಜನಿಕರನ್ನು ದೂರ ಇಡಬೇಕೆಂದು ಯಾರಾದರೂ ಉದ್ದೇಶಪೂರ್ವಕವಾಗಿ ಯೋಚಿಸಿದ್ದರೂ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆಯುತ್ತಿರಲಿಲ್ಲ. ನಾನು ಒಂದು ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಳ್ಳುತ್ತಾ ಹೋದೆ. ಸಭೆಯ ಧ್ವನಿಮುದ್ರಿಕೆ ಮತ್ತು ಬರಹರೂಪ ಎರಡೂ ಸಿಗುತ್ತವೆಯಾದ್ದರಿಂದ, ತಪ್ಪಿದ್ದನ್ನು ಮತ್ತೆ ಕೇಳಬಹುದಿತ್ತು.

ಅಲ್ಲಿ ನನ್ನ ಅನುಭವಕ್ಕೆ ಬೆಲೆ ಬಂದದ್ದು ಅನಿರೀಕ್ಷಿತ ರೀತಿಯಲ್ಲಿ. ಭದ್ರತೆಯ ಬಗ್ಗೆ ಕಾಳಜಿಯಿದ್ದ ಹಲವರು 60 ದಿನಗಳ ತಡೆ ಬಳಕೆದಾರರಿಗೇ ಒಳ್ಳೆಯದೆಂದು ವಾದಿಸುತ್ತಿದ್ದರು. ಅವರ ವಾದದಲ್ಲಿ ಹುರುಳಿತ್ತು, ಹೆಸರು ಕಳವಾಗಿ ಒಮ್ಮೆ ಕೈದಾಟಿತೆಂದರೆ ಅದನ್ನು ಮರಳಿ ಪಡೆಯುವುದು ನಿಜಕ್ಕೂ ದುಸ್ತರ. ನಾನು ನಿಯಮವನ್ನು ಬೈಯುವುದನ್ನು ಬಿಟ್ಟು, ಯಾವ ದಿನ ಯಾವ ವಿವರ ಬದಲಿಸಿದೆ, ಯಾವ ಸೂಚನೆ ಬಂತು, ಯಾವುದು ಬರಲಿಲ್ಲ ಎಂಬುದನ್ನಷ್ಟೇ ಕ್ರಮವಾಗಿ ಹೇಳಿದೆ. ಬಳಿಕ ಚರ್ಚೆಯು ತಡೆ ಬೇಕೋ ಬೇಡವೋ ಎಂಬುದರಿಂದ, ಬದಲಾವಣೆಯ ಸೂಚನೆ ಯಾವ ವಿಳಾಸಕ್ಕೆ ಹೋಗಬೇಕು ಎಂಬುದರ ಕಡೆಗೆ ಹೊರಳಿತು. ಹಳೆಯ ವಿಳಾಸಕ್ಕೆ ಮಾತ್ರ ಹೋದರೆ ನನ್ನಂಥವನಿಗೆ ತಿಳಿಯುವುದಿಲ್ಲ, ಹೊಸದಕ್ಕೆ ಮಾತ್ರ ಹೋದರೆ ಕಳ್ಳನಿಗಷ್ಟೇ ತಿಳಿಯುತ್ತದೆ.

2024ರಲ್ಲಿ ಎಲ್ಲ ಹಂತಗಳನ್ನೂ ಒಳಗೊಂಡ ಪ್ರಾಥಮಿಕ ವರದಿ ಬಂದಾಗ, ಅರ್ಧ ಪುಟದ ಅಭಿಪ್ರಾಯ ಕಳಿಸಿದೆ: ಒಂದೇ ಶಿಫಾರಸು, ಅದರಲ್ಲಿ ಬದಲಾಗಬೇಕಾದ ಒಂದೇ ವಾಕ್ಯ, ಆ ವಾಕ್ಯಕ್ಕೆ ನಾನು ಸೂಚಿಸುವ ಪದಗಳು, ಕಾರಣ. ಕರಡು ತಿದ್ದುವವನ ಕೈಗೆ ನೇರವಾಗಿ ಬಳಸಬಹುದಾದ ವಾಕ್ಯವನ್ನು ಕೊಡಬೇಕು ಎಂಬುದು ಆ ಹೊತ್ತಿಗೆ ನನಗೆ ಅರ್ಥವಾಗಿತ್ತು.

ಸಂಖ್ಯೆಯ ಬಲವನ್ನೇ ನೆಚ್ಚುವವರಿಗೆ ನಾನು ಒಂದು ಹೋಲಿಕೆ ಕೊಡುತ್ತೇನೆ. 2019ರಲ್ಲಿ .ಆರ್ಗ್ ಒಪ್ಪಂದದಿಂದ ಬೆಲೆ ಮಿತಿಯನ್ನು ತೆಗೆಯುವ ಪ್ರಸ್ತಾವದ ವಿರುದ್ಧ 3,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಆದರೂ ಮಿತಿ ಹೋಯಿತು. ಮಾತುಕತೆ ಮುಗಿದ ಒಪ್ಪಂದದ ಕರಡು ಅದು. ಇತ್ತ, ಹೆಸರನ್ನು ನೋಂದಾಯಿಸಿ ಐದು ದಿನಗಳ ರಿಯಾಯಿತಿ ಅವಧಿಯೊಳಗೆ ಪುಕ್ಕಟೆಯಾಗಿ ಹಿಂದಿರುಗಿಸುವ ದಂಧೆಯ ಬಗ್ಗೆ ಪರಿಶೀಲನೆ ನಡೆಸಬೇಕೆಂದು ಇದೇ ಅಟ್-ಲಾರ್ಜ್ ಸಮಿತಿ 2007ರಲ್ಲಿ ಕೇಳಿತ್ತು. ಹಿಂದಿರುಗಿಸುವ ಹೆಸರುಗಳಿಗೆ ಮಿತಿ ಬಿದ್ದು, ಮಿತಿ ಮೀರಿದ್ದಕ್ಕೆ ಹಣ ತೆರಬೇಕಾದ ಮೇಲೆ, 2009ರ ಹೊತ್ತಿಗೆ ಅಂಥ ರದ್ದತಿಗಳು ಶೇಕಡಾ 99ಕ್ಕಿಂತ ಹೆಚ್ಚು ಇಳಿದವು. ಹಾಗೆಂದು ಸಂಖ್ಯೆ ಎಂದೂ ನಿರರ್ಥಕವೆನ್ನಲಾರೆ: .ಆರ್ಗ್ ನಡೆಸುವ ಸಂಸ್ಥೆಯನ್ನೇ ಖಾಸಗಿ ಹೂಡಿಕೆದಾರರಿಗೆ ಮಾರುವ ಪ್ರಸ್ತಾವ ಬಂದಾಗ ಎದ್ದ ವ್ಯಾಪಕ ವಿರೋಧದ ನಡುವೆ, 2020ರ ಏಪ್ರಿಲ್ 30ರಂದು ಐಕ್ಯಾನ್ ಮಂಡಳಿ ಅದಕ್ಕೆ ಒಪ್ಪಿಗೆ ನಿರಾಕರಿಸಿತು.

ತಂತ್ರಜ್ಞಾನ ಗೊತ್ತಿಲ್ಲವೆಂದು ಹಿಂಜರಿಯುವವರಿಗೆ ಲಿಪಿಗಳ ಕೆಲಸವನ್ನು ತೋರಿಸುತ್ತೇನೆ. ಯಾವ ಅಕ್ಷರಗಳು ಉನ್ನತ ಮಟ್ಟದ ಡೊಮೇನ್ ಹೆಸರುಗಳಲ್ಲಿ, ಅಂದರೆ ವಿಳಾಸದ ಕೊನೆಯ .ಕಾಮ್‌ನಂಥ ಭಾಗದಲ್ಲಿ, ಬರಬಹುದು, ಯಾವ ಎರಡು ಲಿಪಿಗಳ ಅಕ್ಷರಗಳು ಕಣ್ಣಿಗೆ ಒಂದೇ ಆಗಿ ಕಂಡು ಮೋಸಕ್ಕೆ ಎಡೆಮಾಡಬಹುದು ಎಂಬುದನ್ನು ನಿರ್ಧರಿಸಿದ್ದು ಆಯಾ ಲಿಪಿ ಬಲ್ಲವರ ತಂಡಗಳು. ಕನ್ನಡದ ಗ, ರ, ಲ ಅಕ್ಷರಗಳಿಗೂ ತೆಲುಗಿನವಕ್ಕೂ ಇರುವ ಹೋಲಿಕೆಯನ್ನು ಗುರುತಿಸಲು ಎರಡನ್ನೂ ಓದುವ ಕಣ್ಣು ಸಾಕು.

2025ರಲ್ಲಿ ಬಂದ ವರ್ಗಾವಣೆಯ ಅಂತಿಮ ವರದಿಯು, ನೋಂದಣಿದಾರನ ವಿವರ ಬದಲಾದಾಗ ಬೀಳುತ್ತಿದ್ದ 60 ದಿನಗಳ ತಡೆಯನ್ನು ಕೈಬಿಡಬೇಕೆಂದು ಶಿಫಾರಸು ಮಾಡಿತು. ಇದು ನನ್ನ ಅರ್ಧ ಪುಟದಿಂದ ಆಯಿತೆಂದು ಹೇಳಿಕೊಳ್ಳುವಷ್ಟು ಮೂಢನಲ್ಲ ನಾನು. ಗ್ರಾಹಕರ ದೂರುಗಳಿಂದ ಬೇಸತ್ತ ರಿಜಿಸ್ಟ್ರಾರ್‌ಗಳಿಗೂ ಅದು ಬೇಡವಾಗಿತ್ತು. ಶಿಫಾರಸು ನಿಯಮವಾಗಿ ಜಾರಿಗೆ ಬರುವ ಮೊದಲು ಅದರ ಅನುಷ್ಠಾನದ ಪದಗಳನ್ನು ಹೊಸದಾಗಿ ಬರೆಯಬೇಕಾಗುತ್ತದೆ, ಆ ಕರಡಿನ ಮೇಲೂ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಸೂಚನೆ ಯಾವ ವಿಳಾಸಕ್ಕೆ ಹೋಗಬೇಕೆಂಬ ವಾಕ್ಯವನ್ನು ನಾನು ಮೊದಲು ಓದುತ್ತೇನೆ.