4.9 ಹಾಕಿ ಕೆಟ್ಟೆ, 4.39ಕ್ಕೆ ಬಂದೆ

ನನ್ನದು ಹಳೆಯ 1.3 ಲೀಟರ್ ಪೆಟ್ರೋಲ್ ಕಾರು. ವಾರವಿಡೀ ದಾವಣಗೆರೆ–ಚಿತ್ರದುರ್ಗ ಓಡಾಟ. ವರ್ಷಕ್ಕೆ ಎರಡು ಮೂರು ಸಲ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇ. ಎರಡಕ್ಕೂ ಇರುವುದು ಒಂದೇ ಗೇರ್‌ಬಾಕ್ಸ್.

ಮೊದಲಿಂದ ಇದ್ದ ಐದು ಗೇರುಗಳ ಅನುಪಾತ 3.54, 1.90, 1.28, 0.97, 0.76. ಅವುಗಳ ನಂತರ ಚಕ್ರಕ್ಕೆ ಶಕ್ತಿ ಕೊಡುವ ಕೊನೆಯ ಹಲ್ಲುಚಕ್ರದ ಜೋಡಿ ಕ್ರೌನ್ ಪಿನಿಯನ್ 4.1. ಅಂದರೆ ಚಿಕ್ಕದು (ಪಿನಿಯನ್) 4.1 ಸುತ್ತು ತಿರುಗಿದರೆ ದೊಡ್ಡದು (ಕ್ರೌನ್) ಒಂದು ಸುತ್ತು. ಈ ಅಂಕಿ ಹೆಚ್ಚಿದಷ್ಟೂ ಎಳೆತ ಹೆಚ್ಚು, ಅದೇ ವೇಗಕ್ಕೆ ಇಂಜಿನ್ ಸುತ್ತೂ ಹೆಚ್ಚು. ಹೈವೇಗೆ ಚೆನ್ನಾಗಿತ್ತು, ಟ್ರ್ಯಾಕಿನಲ್ಲಿ ಮಂಕು. ಬಿಗಿ ತಿರುವಿನಿಂದ ಎರಡನೇ ಗೇರಿನಲ್ಲಿ 50ರ ವೇಗಕ್ಕೆ ಹೊರಬಂದರೆ 3,600 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು). ನನ್ನ ಇಂಜಿನ್ ಎದ್ದು ಕೂರುವುದೇ 4,000ದ ಹತ್ತಿರ.

‘4.9 ಹಾಕ್ಸಿ ಸಾರ್, ಚಿರತೆ ಆಗುತ್ತೆ’ ಅಂದರು ಒಬ್ಬರು. ಹಾಕಿಸಿದೆ. ಪಿ.ಬಿ. ರಸ್ತೆಯ ಸಿಗ್ನಲ್‌ನಲ್ಲಿ ನಿಜಕ್ಕೂ ಚಿರತೆಯೇ. ಟ್ರ್ಯಾಕಿಗೆ ಹೋದರೆ ಲ್ಯಾಪ್ ಟೈಮ್ ಮೊದಲಿಗಿಂತ ಕೆಟ್ಟಿತು! ನೇರ ರಸ್ತೆಯ ಕೊನೆಗೆ ನನ್ನ ಕಾರು 120 ಮುಟ್ಟುತ್ತದೆ. ಆದರೆ 4.9ರಲ್ಲಿ ಮೂರನೇ ಗೇರ್ 112ಕ್ಕೇ 6,500 ಆರ್‌ಪಿಎಂ ತಲುಪಿ ಮುಗಿದುಹೋಯಿತು. ನಾಲ್ಕಕ್ಕೆ ಹಾಕಬೇಕು, ಆಗಲೇ ಬ್ರೇಕ್ ಒತ್ತಬೇಕು, ಮತ್ತೆ ಮೂರು, ಮತ್ತೆ ಎರಡು. ಗೇರ್ ಹಾಕುವುದರಲ್ಲೇ ಸಮಯ ಸೋರಿತು. ವಾಪಸ್ ಬರುವಾಗ ಐದನೇ ಗೇರಿನಲ್ಲಿ 100ರ ವೇಗಕ್ಕೆ 3,450 ಆರ್‌ಪಿಎಂ, ದಾರಿಯುದ್ದಕ್ಕೂ ತಲೆ ಗುಂಯ್ ಅನ್ನುತ್ತಿತ್ತು.

ಆಮೇಲೆ ಕಾಗದ ಪೆನ್ನು ಹಿಡಿದು ಕೂತೆ. ಈ ಕೆಲಸ ಮೊದಲೇ ಮಾಡಬೇಕಿತ್ತು, ಅಲ್ವಾ? ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ನಾನು ಒಳಗೆ ಕೂತೇ ಕಾರು ತಳ್ಳಿಸಿದೆ. ಒಂದು ಸುತ್ತಿಗೆ 1.8 ಮೀಟರ್. ಇದನ್ನು ಆರ್‌ಪಿಎಂಗೆ ಗುಣಿಸಿ, 0.06ರಿಂದ ಗುಣಿಸಿ, ಗೇರ್ ಮತ್ತು ಕ್ರೌನ್ ಎರಡರಿಂದಲೂ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅನ್ನುವುದು ಸಿಗುತ್ತದೆ. ನೇರದ ಕೊನೆಯವರೆಗೂ ಮೂರನೇ ಗೇರೇ ಸಾಕಾಗಬೇಕು, ಸ್ವಲ್ಪ ಉಳಿದಿರಲೂ ಬೇಕು. ನನಗೆ ಬೇಕಾದದ್ದು ಅಷ್ಟೇ. ಸಿಕ್ಕ ಸೆಟ್‌ಗಳಲ್ಲಿ ಹೊಂದಿದ್ದು 4.39. ದೊಡ್ಡದರಲ್ಲಿ 79 ಹಲ್ಲು, ಚಿಕ್ಕದರಲ್ಲಿ 18. ಮೂರನೇ ಗೇರ್ 125ರವರೆಗೆ ಎಳೆಯುತ್ತದೆ. ತಿರುವಿನಿಂದ ಹೊರಬರುವಾಗ 3,600 ಇದ್ದದ್ದು 3,850 ಆಯಿತು. ಹೈವೇಯಲ್ಲಿ 100ಕ್ಕೆ 3,100.

ಕ್ರೌನ್ ಬದಲಿಸಿದರೆ ಗೇರುಗಳ ನಡುವಿನ ಅಂತರ ಬದಲಾಗುವುದಿಲ್ಲ. 6,500ರಲ್ಲಿ ಎರಡರಿಂದ ಮೂರಕ್ಕೆ ಹಾಕಿದರೆ ಆಗಲೂ 4,400ಕ್ಕೆ ಬೀಳುತ್ತಿತ್ತು, ಈಗಲೂ ಅಲ್ಲಿಗೇ ಬೀಳುತ್ತದೆ. ಅದಕ್ಕೆ ಒಳಗಿನ ಗೇರುಗಳನ್ನೇ ಬದಲಿಸಬೇಕು. ಅಷ್ಟು ದುಡ್ಡು ನನ್ನ ಹತ್ತಿರ ಇಲ್ಲ.

ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಹಾಕಬೇಕು, ಬೇರಿಂಗ್ ಶಿಮ್ (ಸಂದು ಸರಿಮಾಡುವ ತೆಳು ಬಿಲ್ಲೆ) ಅಳೆದು ಕೂರಿಸಬೇಕು. 4.9 ಹಾಕಿದ ಗ್ಯಾರೇಜಿನಲ್ಲಿ ಅಂದಾಜಿನ ಮೇಲೆ ಕೂರಿಸಿದ್ದರು. 60 ದಾಟಿದರೆ ಸಾಕು, ಕೊಳಲು ಊದಿದ ಹಾಗೆ ಸದ್ದು. ಎರಡನೇ ಸಲ ನಾನೇ ಪಕ್ಕದಲ್ಲಿ ನಿಂತು ಅಳತೆ ಬರೆದುಕೊಂಡೆ.

ಈಗ ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡ ಕಾಣುವ ಏರಿನಲ್ಲಿ ನಾಲ್ಕಕ್ಕೆ ಇಳಿಸುವ ಕೆಲಸ ಇಲ್ಲ, ಐದರಲ್ಲೇ ಹತ್ತುತ್ತದೆ. ಪಕ್ಕದಲ್ಲಿ ಕೂತ ಮನೆಯವರು ಮಾತ್ರ ಸದ್ದು ಕೇಳಿ, ‘ಇನ್ನೂ ಐದನೇ ಗೇರ್ ಹಾಕಿಲ್ವಾ?’ ಅಂತ ಪ್ರತಿ ಸಲ ಕೇಳುತ್ತಾರೆ.